ಕೊನೆಯನ್ನು ಮೊದಲೇ ಹೇಳಿಸಿದವರಿಗೆ

ಕರಿಕಲ್ಲು, ೩೧ ಫೆಬ್ರವರಿ ೨೨೧೯

ಕರಿಕಲ್ಲು ಪುರಸಭೆಯ ೨೦೪೭ರ ಸದಸ್ಯರಿಗೆ,

೨೦೪೭ರಲ್ಲಿ ನೀವು ಒಂದು ನಿಯಮ ಮಾಡಿದಿರಿ: ಕಥೆ ಹೇಳುವವರು ಮೊದಲು ಅದರ ಕೊನೆಯನ್ನು ಹೇಳಿಬಿಡಬೇಕು. ಕೇಳುವವರಿಗೆ ಆತಂಕವಾಗಬಾರದೆಂಬುದು ನಿಮ್ಮ ನೆಪ. ನಾನು ಅದನ್ನು ಕಳ್ಳತನ ಎನ್ನುತ್ತೇನೆ. ನಮ್ಮ ಫೆಬ್ರವರಿಗೆ ಮೂವತ್ತೊಂದು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ.

ನಮ್ಮ ಮನೆಗಳು ಸಂಜೆಯಾದರೂ ಕಾದೇ ಇರುತ್ತವೆ. ಹಾಗಾಗಿ ಬೀದಿಯವರೆಲ್ಲ ತಂಪುಕಟ್ಟೆಗೆ ಬರುತ್ತೇವೆ. ಅದರ ಚಪ್ಪಡಿಯ ಕೆಳಗೆ ತಣ್ಣೀರು ಹರಿಯುತ್ತದೆ. ಕಥೆ ನಡೆಯುವುದೂ ಅಲ್ಲೇ. ಮೊದಲು ‘ಮುಂತುದಿ’, ಅಂದರೆ ನಿಮ್ಮ ನಿಯಮದಂತೆ ಮೊದಲೇ ಹೇಳುವ ಕೊನೆ: ರಾಜಕುಮಾರಿ ಬದುಕುತ್ತಾಳೆ, ಹುಲಿ ಸಾಯುತ್ತದೆ. ಆಮೇಲೆ ಜನ ಕಡಲೆಕಾಯಿ ಬಿಡಿಸುತ್ತಾರೆ, ತಲೆ ಬಾಚಿಕೊಳ್ಳುತ್ತಾರೆ, ತೂಕಡಿಸುತ್ತಾರೆ. ಹಿಂದೆ ಕೇಳುವವರು ‘ಹೂಂ’ ಎನ್ನದಿದ್ದರೆ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲವೆಂದು ಹಳೆಯ ಪುಸ್ತಕಗಳಲ್ಲಿ ಓದಿದ್ದೇನೆ. ನನ್ನ ಇಷ್ಟು ವರ್ಷದ ಬಾಳಿನಲ್ಲಿ ಆ ಸದ್ದು ಕೇಳಿರಲಿಲ್ಲ.

ಕಳೆದ ಸೋಮವಾರ ಪಕ್ಕದ ಮನೆಯ ಸಿದ್ಲಿಂಗಮ್ಮ ಮುಂತುದಿ ಇಲ್ಲದೆಯೇ ಶುರುಮಾಡಿದಳು. ಒಬ್ಬಳು ತನ್ನ ಮೇಕೆಗಾಗಿ ಪಾಳುಬಾವಿಗೆ ಇಳಿಯುತ್ತಾಳೆ. ಅರ್ಧದಲ್ಲಿ ಹಗ್ಗ ಹರಿಯುತ್ತದೆ. ಅಷ್ಟು ಹೇಳಿ ಅವಳು ನಿಧಾನಕ್ಕೆ ಒಂದು ಕಡಲೆಕಾಯಿ ಬಿಡಿಸಿದಳು. ಬಾಚಣಿಗೆಗಳು ನಿಂತವು.

“ಏ ಅಮ್ಮಯ್ಯ, ಬದುಕ್ತಾಳೋ ಇಲ್ವೋ, ಅದನ್ನ ಮೊದ್ಲು ಹೇಳು!” ಎಂದು ನಮ್ಮ ಬೀದಿಯ ಬೋರಣ್ಣ ರೇಗಿದ.

“ನಂಗೇನ್ ಗೊತ್ತಣ್ಣ, ನಾನಿನ್ನೂ ಬಾವಿ ಒಳಗೇ ಇದೀನಿ.”

ಆಗ ನನ್ನ ತೊಡೆಯ ಮೇಲಿದ್ದ ಮರಿಮಗಳು ಸೋಮಿ, ಯಾರೂ ಕಲಿಸದೆ, “ಹೂಂ, ಆಮೇಲೆ?” ಎಂದಳು. ಇಡೀ ಕಟ್ಟೆ ‘ಹೂಂ’ ಎಂದಿತು. ಅಷ್ಟರಲ್ಲಿ ಪುರಸಭೆಯ ಕಾವಲಿನವನು ಬಂದು ಕಥೆ ನಿಲ್ಲಿಸಿದ.

ನಾಳೆ ವಿಚಾರಣೆ. ಸಿದ್ಲಿಂಗಮ್ಮ ಇನ್ನು ಯಾವ ಕಟ್ಟೆಯಲ್ಲೂ ಬಾಯಿ ತೆರೆಯದಂತೆ ಮಾಡುತ್ತಾರಂತೆ. ಕಥೆಯ ಆ ಹೆಂಗಸು ಇನ್ನೂ ಬಾವಿಯಲ್ಲೇ ಇದ್ದಾಳೆ. ಸೋಮಿ ಅವಳನ್ನು ನೆನೆದು ಊಟ ಬಿಟ್ಟು ಏಳುತ್ತಾಳೆ. ಆತಂಕವೇ, ಒಪ್ಪುತ್ತೇನೆ. ಕಂಡಿರದ ಒಬ್ಬಳಿಗಾಗಿ ಮಗುವೊಂದು ಮಿಡುಕುವುದನ್ನು ನಾನು ಇದೇ ಮೊದಲು ನೋಡಿದ್ದು. ಈ ನಿಯಮ ಏಕೆ ಎಂದು ಪುರಸಭೆಯವರನ್ನು ಕೇಳಿದೆ. “ಹಿರಿಯರು ಮಾಡಿದ್ದು, ಕಾರಣ ಅವರಿಗೇ ಗೊತ್ತು” ಎಂದರು.

ಆ ಹಿರಿಯರು ನೀವು. ನಮ್ಮ ಹಿನ್ನಂಚೆ ಕಾಗದವನ್ನು ಹಿಂದಿನ ಕಾಲಕ್ಕೆ ಒಯ್ಯುತ್ತದೆ, ಉತ್ತರ ತರುವುದಿಲ್ಲ. ನಿಮ್ಮಿಂದ ನಮ್ಮವರೆಗೆ ಕೆಡದೆ ಬಾಳಿ ಬರುತ್ತದೆಂದು ನಂಬಬಹುದಾದದ್ದು ಕಲ್ಲು ಮಾತ್ರ. ನಿಮಗೆ ಯಾವುದರ ಭಯವಿತ್ತೆಂದು ಕಲ್ಲಿನಲ್ಲಿ ಕೆತ್ತಿಸಿ, ಕೆಳಗೆ ನಿಮ್ಮ ಹೆಸರು ಹಾಕಿ, ಬಸ್ ನಿಲ್ದಾಣದ ಎದುರು, ನಿಮ್ಮ ಕಾಲದ ಜನರೂ ಓದುವಂತೆ ನೆಡಿ.

ಆ ಜಾಗ ಈಗ ಮಣ್ಣಿನಡಿ ಹೂತಿದೆ. ನಾಳೆ ಬೆಳಿಗ್ಗೆ, ವಿಚಾರಣೆಗೆ ಮುಂಚೆ, ನಾವು ಅಲ್ಲಿ ಅಗೆಯುತ್ತೇವೆ. ಏನೂ ಸಿಗದಿದ್ದರೆ ಸಿದ್ಲಿಂಗಮ್ಮ ಬಾವಿಯಿಂದಲೇ ಮುಂದುವರಿಸುತ್ತಾಳೆ, ನಾವು ಹೂಂಗುಟ್ಟುತ್ತೇವೆ. ಹಾರೆ ಸಿದ್ಧವಿದೆ. ಉತ್ತರ ಕೊಡಿ.

ದೇವೀರಮ್ಮ
ಮೂರನೇ ತಂಪುಕಟ್ಟೆ