ಮೀಸಲು ಬಿಟ್ಟ ದಂಡೆ

ಏಪ್ರಿಲ್ 18, ಬೆಳಿಗ್ಗೆ 7

ಮತ್ತೆ ಬೀರಪ್ಪನ ಹೊಂಡ. ಇಳಕಲ್ಲಿನಿಂದ ಸ್ಕೂಟಿಯಲ್ಲಿ ಅರ್ಧ ಗಂಟೆ. ಅದೇ ಕಲ್ಲು, ಅದೇ ಬೈನಾಕ್ಯುಲರ್, ಅದೇ ಸೊಂಟ ನೋವು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವುದು ನೌಕರಿ. ಇದು ನೌಕರಿಯಲ್ಲ. ಕೇಳಿದವರಿಗೆ ವಾಕಿಂಗ್ ಅನ್ನುತ್ತೇನೆ.

ಮೊನ್ನೆಯ ಅಡ್ಡಮಳೆಗೆ ಹೊಂಡ ಅರ್ಧ ತುಂಬಿದೆ. ಏಪ್ರಿಲ್‌ನಲ್ಲಿ! ಪೂರ್ವದ ದಂಡೆಯ ಜೇಕಿನ ಹುಲ್ಲಿನಲ್ಲಿ ಡ್ಯಾಮ್ಸೆಲ್‌ಫ್ಲೈ ಜೋಡಿಗಳು. ಏರೋಪ್ಲೇನ್ ಚಿಟ್ಟೆಯ ಬಡಕಲು ತಂಗಿ. ಇಲ್ಲಿಯವರ ಬಾಯಲ್ಲಿ ಸೂಜಿಹುಳ. ಹೆಣ್ಣು ನೀರೊಳಗಿನ ಕಾಂಡವನ್ನು ಸೀಳಿ ಒಂದೊಂದೇ ಮೊಟ್ಟೆ ಇಡುತ್ತದೆ. ಬಾಲದ ತುದಿಯ ನೀಲಿ ಚುಕ್ಕಿ ಒಮ್ಮೆ ಹೊತ್ತುತ್ತದೆ, ಒಮ್ಮೆ ಆರುತ್ತದೆ.

ಅಪರೂಪದ ಜಾತಿಯೇನೂ ಅಲ್ಲ. ಆದರೆ ಈ ಹೊಂಡದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆ. ಸಾಮಾನ್ಯವಾದದ್ದು ಇಲ್ಲವಾಗುವಾಗ ಸದ್ದಾಗುವುದಿಲ್ಲ.

ಏಪ್ರಿಲ್ 27

ಬೀರಪ್ಪನ ಪೂಜಾರಿ ಕನಕಪ್ಪ ದಾರಿಯಲ್ಲಿ ಸಿಕ್ಕರು. "ಮುಂದಿನ ತಿಂಗಳ ಹೊಂಡ ಬಳಿತೇವ್ರಿ ಅಕ್ಕೋರ. ಆಮ್ಯಾಲ ನೋಡ್ರಿ, ಕನ್ನಡಿ ಆಕ್ಕೈತಿ."

ಬಳಿಯುವುದೆಂದರೆ ದಂಡೆಯ ಹುಲ್ಲನ್ನೆಲ್ಲ ಬೇರುಸಹಿತ ಕಿತ್ತು, ರಾಡಿ ಎತ್ತಿ, ಹೊರಗೆ ಒಣಗಲು ಹಾಕುವುದು. ಪ್ರತಿ ಮೇ ತಿಂಗಳ ಪದ್ಧತಿ. ಹಿಂದೆ ಅಷ್ಟೊತ್ತಿಗೆ ಹೊಂಡವೇ ಒಣಗಿರುತ್ತಿತ್ತು, ಯಾರಿಗೂ ತೊಂದರೆಯಿಲ್ಲ. ಹುಳಗಳು ಜೂನ್ ಮಳೆಗೆ ಬರುತ್ತಿದ್ದವು. ಈಗ ಏಪ್ರಿಲ್ ಮಳೆ ಕರೆಯುತ್ತದೆ, ನಂಬಿ ಮೊಟ್ಟೆ ಇಡುತ್ತವೆ. ಮರಿಗಳು ನೀರಿನಲ್ಲಿರುವಾಗಲೇ ಸಲಿಕೆ ಬರುತ್ತದೆ. ಜೂನ್ ಮಳೆ ಕೈಕೊಟ್ಟರೆ ಎರಡನೇ ಅವಕಾಶವೂ ಇಲ್ಲ. ಮಳೆ ದಿನ ಬದಲಿಸಿದೆ, ಊರು ಬದಲಿಸಿಲ್ಲ. ಅಷ್ಟೇ ವಿಷಯ.

ಅರ್ಧ ದಂಡೆ ಉಳಿದರೆ ಸಾಕು. ಉಳಿಯದಿದ್ದರೆ ಇದೇ ಕೊನೆಯ ವರ್ಷ ಇರಬಹುದು.

ನೋಡುವುದು ನನಗೆ ಬರುತ್ತದೆ. ಜನರ ಹತ್ತಿರ ಹೋಗಿ ಕೇಳುವುದು...

ಮೇ 4

ಪೂರ್ವದ ದಂಡೆ ಅಗಸಿ ಓಣಿಯವರ ಪಾಲು. ಪಶ್ಚಿಮದ್ದು ಗುಡಿ ಓಣಿಯವರದು. ಅಗಸಿ ಓಣಿಯಲ್ಲಿ ಸಾವಂತ್ರವ್ವ ಹೇಳಿದ್ದೇ ಕೊನೆ. ಅವಳ ಕಟ್ಟೆಗೆ ಹೋಗಿ ನೇರವಾಗಿ ಹೇಳಿದೆ, ಈ ವರ್ಷ ನಿಮ್ಮ ದಂಡಿ ಬಳಿಬ್ಯಾಡ್ರಿ, ಹುಲ್ಲು ಹಂಗ ಇರಲಿ.

ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಗುಡಿ ಓಣ್ಯಾವ್ರು ಕಳಿಸ್ಯಾರೇನ ನಿಮ್ಮನ್ನ?"

"ಯಾರೂ ಕಳಿಸಿಲ್ಲಬೇ. ಹುಳದ ಸಲುವಾಗಿ."

"ಹುಳದ ಸಲುವಾಗಿ ನಾವು ಹೊಲಸರಾಗಬೇಕು! ಅವರ ದಂಡಿ ಥಳಥಳ, ನಮ್ಮದು ಹಂದಿ ಹೊರಳಿದಂಗ. ಭಾಳ ಚಲೋ ವಿಚಾರ ಮಾಡೀರಿ. ಚಾ ಕುಡದು ಹೋಗ್ರಿ."

ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ.

ಮೇ 5

ಕನಕಪ್ಪ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ವಿವರಿಸಿದರು. ಬಳಿದ ದಿನ ಸಂಜೆ ಒಂದು ಓಣಿಯವರು ಇನ್ನೊಂದು ಓಣಿಯ ದಂಡೆಯನ್ನು ಹುಡುಕುತ್ತಾರಂತೆ. ಒಂದೇ ಒಂದು ಜೇಕಿನ ಕಡ್ಡಿ ಸಿಕ್ಕರೂ ಅದನ್ನು ಆ ಓಣಿಯ ಹಿರಿಯರ ಬಾಗಿಲಿಗೆ ಸಿಗಿಸುತ್ತಾರೆ. ವರ್ಷವಿಡೀ ನಗೆ.

"ಸಾವಂತ್ರಿ ಅತ್ತಿ ಬಾಗಲಕ್ಕ ಒಮ್ಮೆ ಸಿಗಿಸಿದ್ರು. ಆ ಮುದುಕಿ ಸಾಯೂತನಕ ಹೇಳಿ ಹೇಳಿ ಅತ್ಲು. ನೀವು ಹೋಗಿ ಒಂದ ಕಡ್ಡಿ ಅಲ್ಲ, ಇಡೀ ದಂಡಿ ಬಿಡು ಅಂದೀರಿ!"

ಇಷ್ಟು ವರ್ಷ ಬಂದು ಕೂತಿದ್ದೇನೆ. ನೀರು ಗೊತ್ತು, ನೀರಿನ ಸುತ್ತ ನಿಂತವರು ಗೊತ್ತಿಲ್ಲ.

ಮೇ 9

ಸ್ಟಾಫ್ ರೂಮ್. ಕೆಮಿಸ್ಟ್ರಿಯ ಅಫ್ಜಲ್: "ಡಿಸಿಗೆ ಒಂದು ಅರ್ಜಿ ಬಡೀರಿ ಮ್ಯಾಡಮ್."

"ಅರ್ಜಿ ಹೋದ್ರ ಹೊಂಡದ ಸುತ್ತ ಸಿಮೆಂಟ್ ಬರ್ತೈತಿ. ಜೊತಿಗೆ ಒಂದು ಕಾರಂಜಿ."

"ಮತ್ತ ಸೆಲ್ಫಿ ಪಾಯಿಂಟ್!"

ಇಬ್ಬರೂ ನಕ್ಕೆವು. ಬಳಿಯುವುದು ಇಪ್ಪತ್ತೆರಡಕ್ಕೆ.

ಮೇ 13

ಕನಕಪ್ಪನವರ ಮನೆ. ಮೂಲೆಯಲ್ಲಿ ಒಂದು ಗಡಿಗೆ, ಬಾಯಿಗೆ ಬಿಳಿ ಬಟ್ಟೆ. ಮೊಮ್ಮಗಳು ಅದರ ಹತ್ತಿರ ಹೋದಾಗ ಒಳಗಿನಿಂದ ಕೂಗು ಬಂತು, "ಮುಟ್ಟಬ್ಯಾಡ, ಅದು ಮೀಸಲು." ಈದ ಕುರಿಯ ಹಾಲು. ಮೊದಲು ಕುರಿಗಾರರ ದೇವರು ಬೀರಪ್ಪನಿಗೆ. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ಆ ಗಡಿಗೆಯನ್ನು ಎಷ್ಟು ಹೊತ್ತು ನೋಡಿದೆನೋ. ಕೇಳಿಯೇಬಿಟ್ಟೆ.

"ದಂಡಿ ಮೀಸಲು ಬಿಡಾಕ ಬರ್ತೈತೇನ್ರಿ?"

ಕನಕಪ್ಪ ಈ ಸಲ ನಗಲಿಲ್ಲ. "ಹಾಲು ಬಿಟ್ಟೀವಿ, ಕಾಳು ಬಿಟ್ಟೀವಿ, ಹುಡುಗರ ಕೂದಲಾ ಬಿಟ್ಟೀವಿ. ದಂಡಿ ಯಾಕ ಬರಂಗಿಲ್ಲ? ದೇವರಿಗೆ ಬಿಟ್ಟದ್ದಕ್ಕ ಹೊಲಸು ಅನ್ನಾಕ ಯಾರಿಗೆ ಧೈರ್ಯ ಐತಿ? ಆದ್ರ ನಾ ಹೇಳಿದ್ರ ಗುಡಿ ಓಣಿ ಮಾತಾಕ್ಕೈತಿ. ಸಾವಂತ್ರಿ ಬಾಯಿಂದನ ಬರಬೇಕು." ಆಮೇಲೆ ನನ್ನತ್ತ ತಿರುಗಿ, "ನೀವ್ಯಾವಾಗ ಬೀರಪ್ಪನ್ನ ನಂಬಾಕತ್ರಿ ಅಕ್ಕೋರ?"

"ನಂಬಿಲ್ರಿ. ಹುಳ ಉಳಿಬೇಕು, ಅಷ್ಟ."

"ನಡೀತೈತಿ ಬಿಡ್ರಿ. ಅವೂ ಅವನ ಹಿಂಡನ."

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಗುಡಿಯ ದೇವರ ವಿಷಯದಲ್ಲಿ ಅಪ್ಪ ಕಟುವಾಗಿದ್ದರು, ನಾನು ಉದಾಸೀನಳು. ಇವತ್ತು ಒಂದು ದೇವರ ಬಳಿ ಹೋಗಿ ನನ್ನ ಕೆಲಸ ಮಾಡಿಕೊಡು ಎಂದು ಕೇಳಿ ಬಂದಂತೆ ಅನಿಸಿತು. ನಾಚಿಕೆಯಾಗಲಿಲ್ಲ. ಅದೇ ಆಶ್ಚರ್ಯ.

ಮೇ 14

ಬೆಳಿಗ್ಗೆಯೇ ಸಾವಂತ್ರವ್ವನ ಕಟ್ಟೆ. ಬಿಳಿ ಬಟ್ಟಲಲ್ಲಿ ಹೊಂಡದ ನೀರು, ಒಂದು ಸೂಜಿಹುಳದ ಮರಿ, ನಾಲ್ಕಾರು ಸೊಳ್ಳೆಮರಿ. ಮುಂದಿಟ್ಟೆ. ಅವಳು ಬಾಗಿ ನೋಡಿದಳು. ಮರಿ ಅಲ್ಲಾಡಲಿಲ್ಲ. ಆಮೇಲೆ ಮುಖದ ಕೆಳಗಿನಿಂದ ಕೈಯಂಥದ್ದು ಚಾಚಿತು, ಒಂದು ಸೊಳ್ಳೆಮರಿ ಇಲ್ಲ.

"ಯವ್ವಾ! ಇಷ್ಟ ಐತಿ, ನಮ್ಮ ನಿಂಗರಾಜನಂಗ ತಿಂತೈತಲ್ಲ!"

ಒಳಗಿನಿಂದ ಮಗ, "ನಾ ಏನ್ ಮಾಡೇನಿಬೇ?"

ಆಗ ಮೀಸಲಿನ ಮಾತು ತೆಗೆದೆ. ಸಾವಂತ್ರವ್ವ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಹಾಗೇ ಹೇಳಿದಳು:

"ನೀವು ಹೇಳಿದ್ರಂತ ಅಲ್ಲ. ಬೀರಪ್ಪಗ ನಾ ಬಿಡ್ತೇನಿ. ಆದ್ರ ಗುಡಿ ಓಣ್ಯಾವ್ರ ಎದುರಿಗೆ ಕನಕಪ್ಪ ತನ್ನ ಕೈಲೆ ಭಂಡಾರ ಹಾಕಬೇಕು. ಎಲ್ಲಾರೂ ನೋಡಬೇಕು."

ಈ ಸಲದ ಚಹಾ ಪಾಯಸದಂತಿತ್ತು. ಪೂರ್ತಿ ಕುಡಿದೆ.

ಮೇ 22, ಸಂಜೆ

ಡೊಳ್ಳು. ಎರಡು ಓಣಿಗಳೂ ಹೊಂಡದ ಮೇಲೆ. ಅಗಸಿ ಓಣಿಯವರು ದಂಡೆಯುದ್ದಕ್ಕೂ ಹಗ್ಗ ಕಟ್ಟಿದರು. ಕನಕಪ್ಪ ಮುಷ್ಟಿ ಮುಷ್ಟಿ ಭಂಡಾರ ತೂರುತ್ತ ಹಗ್ಗದ ಗುಂಟ ನಡೆದರು. ಒದ್ದೆ ಮಣ್ಣಿನ ಮೇಲೆ ಅರಿಶಿನದ ಗೆರೆ. ಆಚೆ ಹುಲ್ಲು, ಹುಲ್ಲಿನ ಮೇಲೆ ಹುಳ. ಸಲಿಕೆ ಹಿಡಿದವರು ಗೆರೆ ಕಂಡು ಚಪ್ಪಲಿ ಬಿಟ್ಟು ಹಿಂದೆ ಸರಿದರು.

ಗುಡಿ ಓಣಿಯ ಹಿರಿಯ ಹನಮಪ್ಪನಿಗೆ ತಡೆಯಲಾಗಲಿಲ್ಲ. "ಗುಡಿ ನಮ್ಮ ಕಡೆ ಐತಿ. ಮೀಸಲು ಅವರ ಕಡೆ ಹೆಂಗಾಕ್ಕೈತಿ?"

"ಬುದ್ಧಿ ಮೊದಲ ಬರಬೇಕಿತ್ತು," ಸಾವಂತ್ರವ್ವ.

"ಏ, ನಮ್ಮ ದಂಡಿ ನಿಮ್ಮಕಿಂತ ಉದ್ದ ಐತಿ! ಬೀರಪ್ಪಗ ಸಣ್ಣದು ಕೊಟ್ಟೀರಿ!"

ಕೂಗಾಟ. ಕಡೆಗೆ ಕನಕಪ್ಪ ಕೈಯೆತ್ತಿದರು. ಒಂದು ವರ್ಷ ಅವರ ದಂಡೆ, ಒಂದು ವರ್ಷ ಇವರದು. ಪಾಳಿ. ನಾನು ಕೇಳಬೇಕೆಂದುಕೊಂಡು ಕೇಳಲು ಧೈರ್ಯವಾಗದೆ ಉಳಿದಿದ್ದ ಮಾತು ಅದೇ. ಜಗಳದಿಂದ ತಾನಾಗಿ ಹುಟ್ಟಿತು. ಹನಮಪ್ಪ ಆದರೂ ಮುನಿಸು ಬಿಡಲಿಲ್ಲ. "ಮುಂದಿನ ವರ್ಷದ ನಿಶಾನಿ" ಅಂತ ತನ್ನ ಕಡೆ ಒಂದು ಮೂಲೆಯ ಹುಲ್ಲು ಕೀಳದಂತೆ ಉಳಿಸಿದ.

ಎದೆಯಲ್ಲಿ ಡೊಳ್ಳು ಇನ್ನೂ ನಿಂತಿಲ್ಲ. ಈ ವಯಸ್ಸಿನಲ್ಲಿ ಇದನ್ನು ಬಿಪಿ ಅನ್ನಬೇಕೋ...

ಜೂನ್ 7

ರೋಹಿಣಿ ಮಳೆ ಬರದೆಯೇ ಹೋಯಿತು. ನೀರು ಇಳಿದಿದೆ, ಸುಡುತ್ತಿದೆ. ಬಳಿದ ಕಡೆ ದಂಡೆ ಬಿರುಕು ಬಿಟ್ಟಿದೆ. ಜೇಕಿನ ಬುಡದಲ್ಲಿ ಮಾತ್ರ ನೆರಳು, ಮೊಣಕಾಲುದ್ದ ನೀರು. ಮರಿಗಳು ಇವೆ. ಬೆಳೆದಿವೆ. ಇನ್ನೊಂದು ವಾರ ಈ ನೀರು ನಿಂತರೆ...

ಅಗಸಿ ಓಣಿಯ ಹೆಂಗಸರು ಮೀಸಲಿನ ಕಡೆ ಬಟ್ಟೆ ಒಗೆಯುವುದನ್ನು ಬಿಟ್ಟಿದ್ದಾರೆ. ಎಮ್ಮೆಗಳನ್ನೂ ಬಿಡುತ್ತಿಲ್ಲ. ನಾನು ಕೇಳಿರಲಿಲ್ಲ.

ಜೂನ್ 15, ಬೆಳಿಗ್ಗೆ 6

ಕಲ್ಲಿನ ಮೇಲೆ ಕೂತೇ ಬರೆಯುತ್ತಿದ್ದೇನೆ.

ಜೇಕಿನ ಕಡ್ಡಿ ಕಡ್ಡಿಗೂ ಮರಿಗಳು ಹತ್ತಿವೆ. ಬೆನ್ನು ಒಡೆಯುತ್ತದೆ, ತಲೆ ಬರುತ್ತದೆ, ಆಮೇಲೆ ಅರ್ಧಕ್ಕೇ ನಿಂತು ಸುಮ್ಮನಾಗುತ್ತದೆ. ಸತ್ತಿತು ಅಂದುಕೊಳ್ಳುವಷ್ಟರಲ್ಲಿ ಇಡೀ ಮೈ ಹೊರಗೆ. ಮಡಚಿದ ರೆಕ್ಕೆ ಬಿಚ್ಚುತ್ತದೆ. ಖಾಲಿ ಪೊರೆ ಕಡ್ಡಿಗೆ ಹಾಗೇ ಅಂಟಿರುತ್ತದೆ. ಎಣಿಸಲು ಹೋಗಿ ಬಿಟ್ಟೆ. ದಂಡೆಗೆ ದಂಡೆಯೇ ಮಿಣುಗುತ್ತಿದೆ.

ಪಕ್ಕದಲ್ಲಿ ಸಾವಂತ್ರವ್ವ, ಬಾಯಿಗೆ ಸೆರಗು. "ನಮ್ಮ ದಂಡೀವು," ಅನ್ನುತ್ತಾಳೆ, ನೀರು ತರಲು ಬಂದವರಿಗೆಲ್ಲ. "ನಮ್ಮ ಓಣೀವು ಇವು."

ಆಚೆಯಿಂದ ಹನಮಪ್ಪ ಕೂಗುತ್ತಿದ್ದಾನೆ, "ಅಕ್ಕೋರ! ಇಲ್ಲಿ ಬರ್ರಿ! ನಮ್ಮ ಮೂಲ್ಯಾಗೂ ಎದ್ದಾವ. ಅವರಕಿಂತ ದೊಡ್ಡಾವ ಅದಾವ!"

"ಸುಳ್ಳ ಹೇಳಬ್ಯಾಡಲೇ ಹನಮ್ಯಾ!"

ದೊಡ್ಡವು? ಹಾಗಾದರೆ ಸೂಜಿಹುಳವಲ್ಲ, ಏರೋಪ್ಲೇನ್ ಚಿಟ್ಟೆ. ಅಲ್ಲಿ ಅವು ಎದ್ದದ್ದನ್ನು ನಾನು ಒಮ್ಮೆಯೂ... ಸಾವಂತ್ರವ್ವ ಸೆರಗು ಬಿಗಿದು ಆಗಲೇ ಹೊರಟಳು, ನನ್ನ ರಟ್ಟೆ ಹಿಡಿದು ಎಳೆಯುತ್ತ—