ಕಸ್ತೂರೆವ್ವ ಬೈದ ದಿನ

೧೨ ಡಿಸೆಂಬರ್ ೧೯೭೪, ಗುರುವಾರ. ಹೊರ್ತಿ.

ಗುಣವಾಗದ ರೋಗಿಗೆ ನಾವೇನು ಮಾಡಬೇಕು ಎಂದು ತರಬೇತಿಯಲ್ಲಿ ಕೇಳಿದ್ದೆ. "ಮೊದಲ ಬಾಯಿ ಒರಸವಾ," ಎಂದಿದ್ದರು ಹಿರಿಯ ಸಿಸ್ಟರ್. ಇಷ್ಟೇನಾ ಎಂದು ಸಿಟ್ಟು ಬಂದಿತ್ತು.

ಇಂದು ಕಸ್ತೂರೆವ್ವನ ಮನೆಗೆ ಮೊದಲ ಸಲ ಒಬ್ಬಳೇ ಹೋದೆ. ಕ್ಯಾನ್ಸರ್. ಎಂಟು ದಿನದಿಂದ ಮುದುಕಿಗೆ ಮಾತಿಲ್ಲ, ಊಟವಿಲ್ಲ. ಸೊಸೆ ರುಕ್ಮವ್ವ ಮುಟ್ಟಲು ಹೆದರಿ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈ ಹಿಡಿದು ಕರೆತಂದೆ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಮೆತ್ತನೆ ಅರಿವೆಯಿಂದ ಇಬ್ಬರೂ ಸೇರಿ ಬಾಯಿ ಒರೆಸಿದೆವು, ಒಡೆದ ತುಟಿಗೆ ಬೆಣ್ಣೆ ಸವರಿದೆವು. ಆಮೇಲೆ ರುಕ್ಮವ್ವ ಒಂದು ಚಮಚ ಅಂಬಲಿ ಕುಡಿಸಿದಳು. ಮುದುಕಿ ನುಂಗಿ, ಕಣ್ಣು ಬಿಟ್ಟಳು.

"ಉಪ್ಪ ನಿಮ್ಮಪ್ಪ ಬಂದು ಹಾಕಬೇಕೇನ?"

"ನಮ್ಮತ್ತಿ ಬೈದಳ್ರೀ ಸಿಸ್ಟರ, ಬೈದಳು!" ಎಂದು ರುಕ್ಮವ್ವ ಅಳುತ್ತ ನಗುತ್ತ ಗಂಡನನ್ನು ಕರೆಯಲು ಓಡಿದಳು.

ಮುದುಕಿ ಉಳಿಯುವುದಿಲ್ಲ, ಅದು ಅವರಿಗೂ ಗೊತ್ತು. ಆದರೂ ಆ ಮನೆಯವರೆಲ್ಲ ಇಂದು ಎಷ್ಟು ನಕ್ಕರು! ಬರೆಯುವಾಗಲೂ ನನಗೆ ನಗು ಬರುತ್ತಿದೆ.