ಮುಖಪುಟದ ಪೀಪಿ

ಫೆಬ್ರವರಿ ೬, ಗುರುವಾರ

ಪ್ರೀತಿಯ ಪೀಪಿಗೆ ಅಕ್ಕನ ಆಶೀರ್ವಾದಗಳು.

ಬರೆಯುವುದು ತುಂಬ ತಡವಾಯಿತು, ಬೈದುಕೋ. ಬೈಯುವುದಕ್ಕಾದರೂ ಒಂದು ಕಾಗದ ಬರೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮೊಣಕಾಲು ನೋವಿನ ನೆಪದಲ್ಲಿ ನಿನ್ನ ಭಾವ ಅಂಗಡಿಗೆ ಹೋಗುವ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ. ಟಿವಿಯಲ್ಲಿ ಆಟ ನೋಡುತ್ತ ಎದ್ದು ಕುಣಿಯುವಾಗ ಮಾತ್ರ ಅದೇ ಮೊಣಕಾಲು ಅಡ್ಡ ಬರುವುದಿಲ್ಲ. ಮಗಳು ಕಾಲೇಜು, ಫೋನು, ಬಾಗಿಲು ಹಾಕಿಕೊಂಡ ಕೋಣೆ, ಇಷ್ಟರಲ್ಲೇ ಇದ್ದಾಳೆ.

ನಿನ್ನ ಗಂಟಲು ಹೇಗಿದೆ? ಫೋನ್ ಮಾಡಿದಾಗಲೆಲ್ಲ ನಿನ್ನ ಯಜಮಾನರು "ಈಗ ತಾನೆ ಮಲಗಿದಳು ಅತ್ತಿಗೆ" ಎನ್ನುತ್ತಾರೆ. ಬೆಳಗ್ಗೆ ಮಾಡಿದರೂ ಮಲಗಿರುತ್ತೀಯ, ಸಂಜೆ ಮಾಡಿದರೂ ಮಲಗಿರುತ್ತೀಯ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಪ್ರತಿ ಸಲವೂ ತಡವರಿಸುತ್ತಾರೆ. ಕುತ್ತಿಗೆಯ ಗಂಟು ತೆಗೆದು ವರ್ಷವಾಗುತ್ತ ಬಂತು. ಸ್ವರ ಹಿಂದಿನ ಹಾಗೆ ಬರುವುದಿಲ್ಲ, ಆದರೆ ಮಾತಾಡಬಹುದು, ಮಾತಾಡುತ್ತಲೇ ಇರಬೇಕು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಹೋಗಲಿ, ಕಾಗದದಲ್ಲಾದರೂ ಸಿಗುತ್ತೀಯೇನೋ ಎಂದು ಬರೆಯುತ್ತಿದ್ದೇನೆ.

ಈಗ ನನ್ನ ಗೋಳು ಕೇಳು. ನಮ್ಮ ಕಚೇರಿಯಿಂದ ಹೊಸ ಪತ್ರಿಕೆ ಹೊರಡುತ್ತಿದೆ. ಸಂಗೀತ ಪತ್ರಿಕೆ, ಅದೂ ಕಾಲೇಜು ಹುಡುಗ ಹುಡುಗಿಯರಿಗೆ. ಇದು ಮಾಲೀಕರ ಅಳಿಯನ ತಲೆಯಲ್ಲಿ ಹುಟ್ಟಿದ ಯೋಚನೆ. ಮೊಣಕಾಲಿನ ಹತ್ತಿರ ಹರಿದ ಪ್ಯಾಂಟು ಹಾಕಿಕೊಂಡು ಬರುತ್ತಾನೆ, ನೆತ್ತಿ ಆಗಲೇ ಬೋಳಾಗುತ್ತಿದೆ. ಸಭೆಯಲ್ಲಿ ಕೂತವರಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು. ಸಂಪಾದಕರಾಗಿ ನೇಮಕವಾದವರು ಇಷ್ಟು ವರ್ಷ ನಮ್ಮ ಕೃಷಿ ಮಾಸಿಕ ನೋಡಿಕೊಳ್ಳುತ್ತಿದ್ದವರು. ಒಳ್ಳೆಯ ಮನುಷ್ಯರೇ, ಆದರೆ ಡ್ರಮ್ ಬಾರಿಸುವ ಬಗ್ಗೆ ಅವರು ಬರೆದ ಲೇಖನ ಓದಿದರೆ ಗೊಬ್ಬರ ಹಾಕುವ ಕ್ರಮ ಓದಿದ ಹಾಗಿದೆ.

ವಿನ್ಯಾಸ ನನ್ನದು. "ಪುಟ ಕುಣೀಬೇಕು ಮೇಡಂ" ಎಂದ ಅಳಿಯ. ಶೀರ್ಷಿಕೆಗಳನ್ನು ಓರೆ ಮಾಡಿದೆ. "ಬಿದ್ದುಹೋಗೋ ಹಾಗಿದೆ" ಎಂದ. ನೆಟ್ಟಗೆ ನಿಲ್ಲಿಸಿದೆ. "ಪಾಠದ ಪುಸ್ತಕ ಆಯ್ತು" ಎಂದ. ಗುಲಾಬಿ ಹಾಕಿದರೆ ಔಷಧಿ ಪೊಟ್ಟಣ, ಕಪ್ಪು ಹಾಕಿದರೆ ಶೋಕಸಂಚಿಕೆ. ಹಾಡಿನ ಬಗ್ಗೆ ಓದುವಾಗ ಕಣ್ಣಿಗೂ ಒಂದು ಉಸಿರು ಬೇಕಲ್ಲ ಎಂದು ಪುಟದ ಮೇಲ್ಗಡೆ ಖಾಲಿ ಬಿಟ್ಟೆ. "ಖಾಲಿ ಜಾಗಕ್ಕೆ ಯಾಕೆ ಕಾಗದ ಕೊಳ್ಳೋದು?" ಎಂದ. ಸಭೆಯ ಮೇಲೆ ಸಭೆ ನಡೆಯಿತು. ಯುವಕರಿಗೆ ಏನು ಬೇಕು, ಯುವಕರು ಎಲ್ಲಿ ನೋಡುತ್ತಾರೆ, ಯುವಕರು ಎಷ್ಟು ಹೊತ್ತು ನೋಡುತ್ತಾರೆ. ಸಂಗೀತದ ಮಾತು ಒಂದು ಸಲವೂ ಬರಲಿಲ್ಲ. ತಲೆ ಚಿಟ್ಟು ಹಿಡಿದು ಹೋಗಿದೆ ಕಣೇ.

ಈಗ ನಿನಗೆ ಸಂಬಂಧಿಸಿದ ವಿಷಯ. ನನ್ನ ಹಳೆಯ ಚಾಳಿ ನಿನಗೆ ಗೊತ್ತಲ್ಲ. ನಿಜವಾದ ಚಿತ್ರಗಳು ಬರುವ ಮೊದಲು ಮಾದರಿ ಪುಟದಲ್ಲಿ ಏನಾದರೊಂದು ಡಮ್ಮಿ ಚಿತ್ರ ಇಡಬೇಕಾಗುತ್ತದೆ. ಕೆಲಸಕ್ಕೆ ಸೇರಿದಾಗಿನಿಂದ ನಾನು ಇಡುವುದು ನನ್ನ ಮೇಜಿನ ಮೇಲಿರುವ ಅದೇ ಒಂದು ಚಿತ್ರ, ಕಾಲೇಜಿನ ವೇದಿಕೆಯಲ್ಲಿ ನೀನು ಕಣ್ಣು ಮುಚ್ಚಿ, ಬಾಯಿ ಅಗಲ ತೆರೆದು, ಮೈಕನ್ನು ಕತ್ತು ಹಿಸುಕುವ ಹಾಗೆ ಹಿಡಿದು ಹಾಡುತ್ತಿರುವುದು. ಕೃಷಿ ಮಾಸಿಕದಲ್ಲಿ ಟ್ರ್ಯಾಕ್ಟರ್ ಬರುವವರೆಗೆ ಅದರ ಜಾಗ ಕಾದವಳು ನೀನು. ಅಡುಗೆ ವಿಶೇಷಾಂಕದಲ್ಲಿ ಕುಕ್ಕರ್ ಜಾಗದಲ್ಲಿ ಕೂತಿದ್ದೆ. ಒಮ್ಮೆ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಅಧ್ಯಕ್ಷರಾಗಿಯೂ ಇದ್ದೆ. ಕೊನೆಯಲ್ಲಿ ನಿನ್ನನ್ನು ಎಬ್ಬಿಸಿ ನಿಜವಾದವರನ್ನು ಕೂರಿಸುತ್ತೇನೆ. ಈ ಸಲವೂ ಹಾಗೆಯೇ ಮುಖಪುಟದಲ್ಲಿ ನಿನ್ನನ್ನಿಟ್ಟೆ. ಅಳಿಯ ನೋಡಿದವನೇ ಮೇಜು ಕುಟ್ಟಿದ. "ಇದೇ ಬೇಕಾಗಿದ್ದು. ಇದನ್ನ ಮುಟ್ಟಬೇಡಿ" ಎಂದ.

"ಇದು ಡಮ್ಮಿ ಚಿತ್ರ, ನನ್ನ ತಂಗಿ. ಅವಳಿಗೀಗ ನಲವತ್ತಾರು" ಎಂದೆ.

"ಇರಲಿ ಬಿಡಿ. ಫೋಟೋದವಳಿಗೆ ಹತ್ತೊಂಬತ್ತು ತಾನೆ?" ಎಂದ.

ನಿಜ ಹೇಳುತ್ತೇನೆ ಪೀಪಿ, ನನಗೂ ಖುಷಿಯಾಯಿತು. ಇಷ್ಟು ವರ್ಷ ಬೇರೆಯವರಿಗೆ ಜಾಗ ಕಾದವಳು ಒಮ್ಮೆಯಾದರೂ ಅಲ್ಲೇ ಉಳಿಯಲಿ ಅನ್ನಿಸಿತು. ಆದರೆ ನೀನು ಹೂಂ ಅನ್ನದೆ ಆಗದು. ಒಂದು ಸಾಲು ಸಾಕು, ಆಗಲಿ ಅಥವಾ ಬೇಡ. ಬೇಗ ಬರೆ. ಔಷಧಿ ತಪ್ಪಿಸಬೇಡ.

ನಿನ್ನ
ಅಕ್ಕ

ಫೆಬ್ರವರಿ ೧೯, ಬುಧವಾರ

ಪೀಪಿ,

ಆಶೀರ್ವಾದ. ಕ್ಷೇಮ ಸಮಾಚಾರ ಆಮೇಲೆ. ಟಪಾಲಿನವನ ಮುಖ ದಿನಾ ನೋಡಿ ನೋಡಿ ಅವನಿಗೇ ಮುಜುಗರವಾಗಿ ಈಗ ದೂರದಿಂದಲೇ ಕೈಯಾಡಿಸಿ ಹೋಗುತ್ತಾನೆ. ಒಂದು ಸಾಲು ಬರೆಯಲು ಗಂಟಲು ಬೇಕೇನೇ?

ಮೊನ್ನೆ ಕಾಲೇಜಿನಿಂದ ಒಂದಷ್ಟು ಮಕ್ಕಳನ್ನು ಕರೆಸಿದ್ದರು, ಮಾದರಿ ಸಂಚಿಕೆ ತೋರಿಸಿ ಅಭಿಪ್ರಾಯ ಕೇಳಲು. ನಮ್ಮ ಹಿಂದಿನ ಕೋಣೆಯಲ್ಲಿ, ಗೋಡೆಗೆ ಪುಟಗಳನ್ನು ಪಿನ್ನು ಚುಚ್ಚಿ ನೇತುಹಾಕಿದ್ದೆ. ಏಸಿಯಿಂದ ನೀರು ತೊಟ್ಟಿಕ್ಕುವ ಬಕೆಟ್ಟನ್ನು ಅಳಿಯ ತಾನೇ ಕಾಲಿನಿಂದ ಮೇಜಿನಡಿಗೆ ತಳ್ಳಿದ. ಮಕ್ಕಳು ಬಿಸ್ಕತ್ತು ತಿನ್ನುತ್ತ ಪುಟದಿಂದ ಪುಟಕ್ಕೆ ನಡೆದರು. ಒಬ್ಬ ಹುಡುಗ ನಮ್ಮ 'ಕುಣಿಯುವ' ಪುಟದ ಮುಂದೆ ನಿಂತು, "ಇದು ನಮ್ಮಪ್ಪ ನಮ್ಮ ಥರ ಮಾತಾಡೋಕೆ ಹೋದ ಹಾಗಿದೆ" ಎಂದ. ನಾನು ನಕ್ಕುಬಿಟ್ಟೆ, ಅಳಿಯ ದುರುಗುಟ್ಟಿಕೊಂಡು ನೋಡಿದ.

ಆದರೆ ನಿನ್ನ ಮುಂದೆ ಎಲ್ಲರೂ ನಿಂತರು. ತಲೆಗೂದಲು ಒಂದು ಕಡೆ ಬೋಳಿಸಿಕೊಂಡ ಹುಡುಗಿಯೊಬ್ಬಳು ಬಿಸ್ಕತ್ತು ಕೆಳಗಿಟ್ಟು ಹತ್ತಿರ ಹೋಗಿ ನೋಡಿದಳು. "ಇವಳು ಪೋಸು ಕೊಡ್ತಿಲ್ಲ. ನಿಜವಾಗ್ಲೂ ಹಾಡ್ತಿದ್ದಾಳೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವಳ ಹಾಡು ಎಲ್ಲಿ ಸಿಗುತ್ತೆ ಆಂಟಿ?" ಎಂದು ಕೇಳಿದಳು. ಎಲ್ಲರೂ ಫೋನು ತೆಗೆದರು. ಎಲ್ಲೂ ಇಲ್ಲ ಎಂದೆ. ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನುವ ಹಾಗೆ ನೋಡಿದರು. ಅವರ ಕಾಲದಲ್ಲಿ ಎಲ್ಲೂ ಇಲ್ಲದ ಹಾಡು ಎಂದರೆ ಏನು ಎಂದು ಹೇಗೆ ತಿಳಿಯಬೇಕು?

ಅವರು ಹೋದ ಮೇಲೆ ಅಳಿಯ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನಿನಗೂ ಮೈ ಉರಿಯಲಿ. "ಒಂದು ಚೆನ್ನಾಗಿರೋ ಹೆಸರಿಡೋಣ ಮೇಡಂ. ಹಾಡೋಕೆ ಬೇರೆ ಹುಡುಗಿ ಸಿಕ್ತಾಳೆ. ಮುಖಪುಟದ ಮೂಲೇಲಿ ಒಂದು ಕ್ಯೂಆರ್ ಚೌಕ ಹಾಕಿ, ಫೋನ್ ಹಿಡಿದ್ರೆ ಹಾಡು ಕೇಳ್ಬೇಕು. ಯಾರಿಗೆ ಗೊತ್ತಾಗುತ್ತೆ?"

ನಿನ್ನ ಬಾಯಿಗೆ ಇನ್ಯಾರದೋ ದನಿ. ನಾನು ಬಾಯಿ ತೆರೆದ ಮೇಲೆ ಮಾತು ನಿಲ್ಲಲಿಲ್ಲ. "ಅವಳೇನು ಬೊಂಬೆಯಾ? ಅವಳಿಗೊಂದು ಗಂಟಲಿತ್ತು, ಈಗಲೂ ಇದೆ" ಎಂದೆ. ಸಂಪಾದಕರು ಚಾವಣಿ ನೋಡುತ್ತ ಕೂತರು, ಮಳೆ ಬರುತ್ತದೋ ಇಲ್ಲವೋ ಎಂದು ನೋಡುವವರ ಹಾಗೆ. "ಸಣ್ಣ ವಿಷಯಕ್ಕೆ ಭಾವುಕರಾಗ್ತೀರಿ" ಎಂದ ಅಳಿಯ. ಶುಕ್ರವಾರದೊಳಗೆ ಒಪ್ಪಿಗೆ ತಂದುಕೊಡಬೇಕಂತೆ. ಇಲ್ಲದಿದ್ದರೆ ಮುಖಪುಟ ಬೇರೆಯವರಿಂದ ಮಾಡಿಸುತ್ತಾನಂತೆ. ಇಷ್ಟು ವರ್ಷ ಈ ಮನೆತನದ ಒಂದೊಂದು ಪತ್ರಿಕೆಯ ಮುಖವನ್ನೂ ನಾನು ಬರೆದಿದ್ದೇನೆ, ಪೀಪಿ.

ನನಗೆ ನಿನ್ನದೊಂದು ಮಾತು ಬೇಕು. ಬೇಡ ಎಂದು ನೀನೇ ಹೇಳಿದರೆ ಅದನ್ನು ಅವನ ಮುಖದ ಮೇಲೆ ಹಿಡಿಯುತ್ತೇನೆ. ಕಾಗದಕ್ಕೆ ಸಮಯವಿಲ್ಲ, ಫೋನ್ ಮಾಡು. ಎರಡು ಅಕ್ಷರ ಹೇಳಿ ಇಟ್ಟುಬಿಡು.

ಅಕ್ಕ

ಫೆಬ್ರವರಿ ೨೫, ಮಂಗಳವಾರ

ಪ್ರೀತಿಯ ಪೀಪಿಗೆ,

ಮನೆಯವರೆಲ್ಲರೊಂದಿಗೆ ಸುಖವಾಗಿರು. ಹಿಂದಿನ ಕಾಗದದಲ್ಲಿ ಗದರಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಿನಗೆ ಹೊಸದೇನಲ್ಲ.

ಶುಕ್ರವಾರ ಸಂಜೆಯವರೆಗೂ ಫೋನು ಪಕ್ಕದಲ್ಲಿಟ್ಟುಕೊಂಡೇ ಕೂತಿದ್ದೆ. ನೀನು ಮಾಡಲಿಲ್ಲ. ನಾನೇ ತೀರ್ಮಾನ ಮಾಡಿದೆ. ನಿನ್ನನ್ನು ಮುಖಪುಟದಿಂದ ತೆಗೆದೆ. ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನೆಲ್ಲ ಅಳಿಸಿ, ಗೋಡೆಯ ಮೇಲಿದ್ದುದನ್ನು ಪಿನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಬದಲಿಗೆ ಅವತ್ತಿನ ಮಕ್ಕಳಲ್ಲೇ ಇಬ್ಬರ ಚಿತ್ರವಿತ್ತು, ನಾನೇ ತೆಗೆದದ್ದು. ಒಳಗೆ ಕರೆಯುವವರೆಗೆ ನಮ್ಮ ಮೆಟ್ಟಿಲ ಮೇಲೆ ಕೂತು, ಒಂದೇ ಇಯರ್‌ಫೋನನ್ನು ಒಂದೊಂದು ಕಿವಿಗೆ ಹಂಚಿಕೊಂಡು, ತಲೆಗೆ ತಲೆ ಆನಿಸಿ ಏನೋ ಕೇಳುತ್ತಿದ್ದರು. ಮುಖ ಅರ್ಧಂಬರ್ಧ ಕಾಣುತ್ತದೆ. ಇಬ್ಬರನ್ನೂ ಕೇಳಿ ಒಪ್ಪಿಗೆ ಪಡೆದೆ. ನನ್ನ ಮಟ್ಟಿಗೆ ಇಡೀ ಪತ್ರಿಕೆಯಲ್ಲಿ ಸಂಗೀತವಿದ್ದದ್ದು ಆ ಒಂದು ಚಿತ್ರದಲ್ಲಿ.

ಅಳಿಯ ನೋಡಿ, "ಹಾಡೋರೇ ಇಲ್ವಲ್ಲ ಮೇಡಂ" ಎಂದ.

"ಕೇಳೋರಿದ್ದಾರೆ. ಪತ್ರಿಕೆ ಕೊಳ್ಳೋರು ಅವರೇ ಅಲ್ವಾ?" ಎಂದೆ.

ಅವನಿಗೆ ರುಚಿಸಲಿಲ್ಲ. ಮುಖಪುಟ ಹೊರಗಿನ ಕಂಪನಿಗೆ ಹೋಯಿತು. ನಿನ್ನೆ ಬಂತು ನೋಡು, ಬೆಂಕಿ ಹತ್ತಿದ ಗಿಟಾರು. ಎಲ್ಲೋ ಕೊಂಡ ಚಿತ್ರ. ಸಂಪಾದಕರು ನನ್ನ ಹತ್ತಿರ ಬಂದು ಮೆಲ್ಲಗೆ, "ಇದನ್ನ ಆರಿಸೋಕೆ ಯಾರನ್ನಾದ್ರೂ ಕರೀಬೇಕಲ್ವಾ?" ಎಂದರು. ಇಷ್ಟು ದಿನದಲ್ಲಿ ಅವರು ಆಡಿದ ಜೀವಂತ ಮಾತು ಅದೊಂದೇ, ಅದೂ ಅಳಿಯನ ಬೆನ್ನ ಹಿಂದೆ. ಪತ್ರಿಕೆ ಅಚ್ಚಿಗೆ ಹೋಗಿದೆ. ಒಳಗಿನ ಪುಟಗಳು ನನ್ನವು, ಮುಖ ನನ್ನದಲ್ಲ. ಒಂದು ಪುಟದ ಮೇಲ್ಗಡೆ ಮಾತ್ರ ಹಟ ಮಾಡಿ ಖಾಲಿ ಉಳಿಸಿಕೊಂಡಿದ್ದೇನೆ. ಗೆದ್ದೆ ಎಂದು ಹೇಳಿಕೊಳ್ಳಲು ಅಷ್ಟೇ ಇರುವುದು.

ನಿನ್ನ ಭಾವ ಕೇಳಿದ್ದಾರೆಂದು ಬರೆಯಲು ಹೇಳಿದರು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು, ಇನ್ನು ಅವರು ನನಗಾಗಿ ಸುಳ್ಳು ಹುಡುಕುವ ಕಷ್ಟಪಡಬೇಕಾಗಿಲ್ಲ. ದೇವರು ನಿನಗೆ ಆಯುಸ್ಸು, ಆರೋಗ್ಯ ಎರಡನ್ನೂ ಧಾರಾಳವಾಗಿ ಕೊಡಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಭಾನುವಾರ ಮಡಿಸಿದ ಬಟ್ಟೆ ಕೊಡಲೆಂದು ಮಗಳ ಕೋಣೆಯ ಹತ್ತಿರ ಹೋದೆ. ಬಾಗಿಲು ಹಾಕಿತ್ತು. ಒಳಗೆ ಫೋನಿನಲ್ಲಿ ಯಾರೋ ಒರಟು ದನಿಯಲ್ಲಿ ಏನೋ ಹೇಳುತ್ತಿದ್ದರು, ಇವಳು ಬಿದ್ದು ಬಿದ್ದು ನಗುತ್ತಿದ್ದಳು. ಯಾರೋ ಗಂಡಸು ಅಂದುಕೊಂಡೆ. ಅಷ್ಟರಲ್ಲಿ ಆ ದನಿ, "ಕುಕ್ಕರ್ ಜಾಗದಲ್ಲಿ ಕೂತಿದ್ದೆನಂತೆ ಕಣೇ" ಎಂದು ತಾನೂ ನಕ್ಕಿತು. ನಗು ನಿನ್ನದು. ಅದನ್ನು ಯಾವ ಆಪರೇಷನ್ನೂ ಮುಟ್ಟಿಲ್ಲ. ನಾನು ಬಟ್ಟೆ ಎದೆಗವಚಿಕೊಂಡು ಬಾಗಿಲಾಚೆ ನಿಂತೇ ಇದ್ದೆ. ನನ್ನ ಕಾಗದಗಳು ನಿನಗೆ ಸಿಕ್ಕಿದ್ದವು. ನೀನು ಮಾತಾಡುತ್ತಿದ್ದೆ. ನನ್ನ ಮನೆಯಲ್ಲೇ ಮಾತಾಡುತ್ತಿದ್ದೆ.

ಆಮೇಲೆ ಮಗಳನ್ನು ಕೇಳಿದೆ. ಮೊದಲು ನುಣುಚಿಕೊಂಡಳು, ಆಮೇಲೆ ಅಳುಮುಖ ಮಾಡಿದಳು. "ಚಿಕ್ಕಮ್ಮ ಎಲ್ಲರ ಹತ್ರಾನೂ ಮಾತಾಡ್ತಾರಮ್ಮ. ನಿನ್ನ ಹತ್ರ ಮಾತ್ರ ಆಗಲ್ಲವಂತೆ. 'ನಿಮ್ಮಮ್ಮನ ಮೇಜಿನ ಮೇಲೆ ನಾನು ಇನ್ನೂ ಹಾಡ್ತಾ ಇದ್ದೀನಿ, ಈ ಗಂಟಲು ತಗೊಂಡು ಅಲ್ಲಿಗೆ ಹೇಗೆ ಹೋಗ್ಲಿ' ಅಂತಾರೆ" ಎಂದಳು.

ಮೇಜಿನ ಮೇಲಿದ್ದ ಫೋಟೋ ನಿನ್ನೆಯೇ ತೆಗೆದು ಕಪಾಟಿನಲ್ಲಿಟ್ಟೆ. ಮುಂದಿನ ಸಂಚಿಕೆಗೆ ಡಮ್ಮಿ ಚಿತ್ರ ಬೇರೆ ಹುಡುಕಿಕೊಳ್ಳುತ್ತೇನೆ, ಟ್ರ್ಯಾಕ್ಟರನ್ನೇ ಇಡುತ್ತೇನೆ. ಆ ಹುಡುಗಿ ಕೇಳಿದ ಹಾಡು ನನ್ನ ಹತ್ತಿರವೂ ಇಲ್ಲ ಪೀಪಿ. ನಾನು ಕೇಳುತ್ತಿರುವುದು ಅದನ್ನಲ್ಲ. ಭಾನುವಾರ ಅದೇ ಹೊತ್ತಿಗೆ ನನ್ನ ಫೋನಿಗೆ ಮಾಡು. ಯಾರೋ ಗಂಡಸು ಅಂದುಕೊಂಡು ಇಡುವುದಿಲ್ಲ.